ಕೆನ್ನೆಗೂ ಕಸಿ ಕಟ್ಟುತ್ತಾರೆ, ಹೆದರಿ ಕೂರಬೇಡಿ

ಕೃಷಿ ಪತ್ರಿಕೆಯಲ್ಲಿ ಆಸ್ಪತ್ರೆ ಪುರಾಣ ಯಾಕೆ ಅಂತ ನೀವು ಕೇಳಬಹುದು. ಬರೆಯಲು ಕೂರುವ ಮೊದಲು ನನಗೂ ಹಾಗೇ ಅನ್ನಿಸಿತ್ತು. ಆದರೆ ಹೊಗೆಸೊಪ್ಪನ್ನು ಕೆನ್ನೆಯೊಳಗೆ ಒತ್ತಿಕೊಂಡು ಗದ್ದೆಗೆ ನೀರು ಕಟ್ಟುವವರು, ಕಬ್ಬು ಕಡಿಯುವವರು, ನಾಟಿ ಮಾಡುವವರು ನಾವೇ ತಾನೆ? ಬಾಯಿ ಕ್ಯಾನ್ಸರ್ ನಮ್ಮಂಥವರ ಮನೆ ಬಾಗಿಲು ತಟ್ಟುತ್ತಲೇ ಇರುತ್ತದೆ. ಬಂದ ಮೇಲೆ ನಾವು ಮಾಡುವ ಒಂದು ದೊಡ್ಡ ತಪ್ಪಿದೆ. ಅದನ್ನು ಹೇಳುವುದಕ್ಕೇ ಈ ಬರಹ.

ನಾನು ಕಿರಂಗೂರಿನವನು. ಮೂರು ಎಕರೆ ನಾಲೆ ಬಯಲು. ಕಬ್ಬು, ಭತ್ತ, ಎರಡು ಹಸು. ಈಚೆಗೆ ಎಲ್ಲರಂತೆ ಬದುವಿನಲ್ಲಿ ಇನ್ನೂರು ಅಡಿಕೆ ಗಿಡ. ಹದಿನೆಂಟನೇ ವಯಸ್ಸಿನಿಂದ ಎಲೆ ಅಡಿಕೆ, ಜೊತೆಗೆ ಹೊಗೆಸೊಪ್ಪು. 2021ರ ನವೆಂಬರಿನಲ್ಲಿ ನನ್ನ ಎಡಗೆನ್ನೆಯ ಒಳಭಾಗ, ಕೆಳದವಡೆಯ ಒಂದು ತುಂಡು, ಕುತ್ತಿಗೆಯ ಗಂಟುಗಳು, ಇಷ್ಟನ್ನೂ ತೆಗೆದರು. ಖಾಲಿಯಾದ ಜಾಗಕ್ಕೆ ನನ್ನ ಎದೆಯ ಚರ್ಮ ಮಾಂಸವನ್ನೇ ತಂದು ಕೂರಿಸಿದರು. ಇವತ್ತು ಊಟ ಮಾಡುತ್ತೇನೆ, ಮಾತಾಡುತ್ತೇನೆ, ಡೈರಿಗೆ ಹಾಲು ಹಾಕಿ ಬರುತ್ತೇನೆ.

ಭಾವ ಯಾಕೆ ಒಪ್ಪಲಿಲ್ಲ

ನನಗಿಂತ ಮೂರು ವರ್ಷ ಮೊದಲು ಇದೇ ರೋಗ ನಮ್ಮ ಅಕ್ಕನ ಗಂಡನಿಗೆ ಬಂದಿತ್ತು. ಪಾಂಡವಪುರದ ಕಡೆಯವರು. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ. ಅಲ್ಲಿ ಸಾಲು ಸಾಲು ಜನ. ಡಾಕ್ಟರಿಗೆ ಒಬ್ಬೊಬ್ಬರಿಗೆ ಐದು ನಿಮಿಷವೂ ಸಿಗುತ್ತಿರಲಿಲ್ಲ. "ಕೆನ್ನೆ, ದವಡೆ ತೆಗೀಬೇಕು. ಒಪ್ಪಿಗೆ ಇದ್ರೆ ಸೈನ್ ಹಾಕಿ" ಅಂದರು. ತೆಗೆದ ಮೇಲೆ ಆ ಜಾಗಕ್ಕೆ ಏನು ಮಾಡುತ್ತಾರೆ ಅನ್ನುವುದನ್ನು ಅವರು ಹೇಳಲಿಲ್ಲ, ನಾವು ಕೇಳಲೂ ಇಲ್ಲ.

ಬಸ್ಸಿನಲ್ಲಿ ವಾಪಸ್ ಬರುವಾಗ ಭಾವ ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. "ಅರ್ಧ ಮುಖ ಇಟ್ಕಂಡು ಸಂತೆಗೋಗಕಾಯ್ತದಾ? ಹಿಂಗೇ ಹೋಗದು ವಾಸಿ ಕಣ್ಲಾ, ಬುಡು."

ಆಮೇಲೆ ನಾಟಿ ಔಷಧಿ ಅಂತ ಏಳು ತಿಂಗಳು ಊರೂರು ಸುತ್ತಿದರು. ಕೆನ್ನೆ ತೂತು ಬಿದ್ದು, ಕುಡಿದ ಗಂಜಿ ಹೊರಗೆ ಸುರಿಯತೊಡಗಿದಾಗ ಮತ್ತೆ ಆಸ್ಪತ್ರೆಗೆ ಹೋದರು. ಅಷ್ಟು ಹೊತ್ತಿಗೆ ಆಪರೇಷನ್ ಮಾಡುವ ಹಂತ ದಾಟಿತ್ತು. ಮುಖ ಕೆಡುತ್ತದೆ ಅಂತ ಹೆದರಿ ಬಿಟ್ಟವರ ಮುಖ ಕೊನೆಗೆ ಹೇಗಾಗಿತ್ತು ಅಂತ ಇಲ್ಲಿ ಬರೆಯಲಾರೆ.

ನನ್ನ ಆಪರೇಷನ್ ಆಗಿ ಮನೆಗೆ ಬಂದಾಗ ಅಕ್ಕ ನೋಡಲು ಬಂದಿದ್ದಳು. ಬಾಯಿ ತೆರೆಸಿ ಒಳಗೆ ನೋಡಿದಳು. ತುಂಬ ಹೊತ್ತು ಸುಮ್ಮನಿದ್ದು, "ಹಿಂಗೆ ಮುಚ್ತಾರೆ ಅಂತ ನಿಮ್ಮ ಭಾವನ್ಗೆ ಯಾರೂ ಹೇಳ್ಲೇ ಇಲ್ವಲ್ಲೋ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಸಿ ಗೊತ್ತಿದ್ದವನಿಗೆ ಇದೂ ಗೊತ್ತು

ಡಾಕ್ಟರುಗಳು ಇದಕ್ಕೆ ಫ್ಲಾಪ್ ಅನ್ನುತ್ತಾರೆ. ಸಿನಿಮಾ ಫ್ಲಾಪ್ ಆಯಿತು ಅನ್ನುತ್ತೇವಲ್ಲ, ಆ ಫ್ಲಾಪ್ ಅಲ್ಲ. ರಕ್ತನಾಳದ ಸಮೇತ ಮೈಯ ಒಂದು ಕಡೆಯ ಚರ್ಮ, ಮಾಂಸ, ಬೇಕಾದರೆ ಮೂಳೆಯನ್ನೂ ಎಬ್ಬಿಸಿ ಇನ್ನೊಂದು ಕಡೆ ಕೂರಿಸುವುದು. ರೈತರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವಲ್ಲ.

ಸುಟ್ಟ ಗಾಯಕ್ಕೆ ತೊಡೆಯ ತೆಳ್ಳನೆ ಚರ್ಮ ತೆಗೆದು ಅಂಟಿಸುವುದನ್ನು ಕೇಳಿದ್ದೀರಿ. ಅದು ಕಣ್ಣು ಕಸಿಯ ಹಾಗೆ. ಅಂಟಿಸಿದ ಚರ್ಮ ತನ್ನ ಊಟವನ್ನು ಕೆಳಗಿನ ಗಾಯದಿಂದಲೇ ಹೀರಿಕೊಳ್ಳಬೇಕು. ಕೆನ್ನೆ ಆರುಪಾರು ಹೋಗಿ ಎಂಜಲು ಹರಿಯುವ ಜಾಗದಲ್ಲಿ ಕೆಳಗೆ ಏನಿದೆ ಹೀರುವುದಕ್ಕೆ? ಅಲ್ಲಿ ಅದು ನಿಲ್ಲುವುದಿಲ್ಲ. ಫ್ಲಾಪ್ ಹಾಗಲ್ಲ. ಬೇರು, ಹೆಂಟೆ ಸಮೇತ ಗಿಡ ಕಿತ್ತು ನೆಟ್ಟ ಹಾಗೆ. ತನ್ನ ನೀರನ್ನು ತಾನೇ ತರುತ್ತದೆ.

ಇದರಲ್ಲಿ ಎರಡು ಬಗೆ. ಮೊದಲನೆಯದು ಕಾಲುವೆ ಕಡಿಯದೆ ತಿರುಗಿಸುವುದು. ನನಗೆ ಮಾಡಿದ್ದು ಅದು. ಎದೆಯ ದೊಡ್ಡ ಸ್ನಾಯುವಿಗೆ ಕೊರಳ ಮೂಳೆಯ ಕೆಳಗಿನಿಂದ ಒಂದು ರಕ್ತನಾಳ ಬರುತ್ತದೆ. ಆ ನಾಳ ಹಾಗೇ ಉಳಿಯುವಂತೆ ಸ್ನಾಯುವನ್ನು, ಅದರ ಮೇಲಿನ ಚರ್ಮವನ್ನು ಎಬ್ಬಿಸಿ, ಕುತ್ತಿಗೆಯ ಚರ್ಮದ ಅಡಿಯಿಂದ ಮೇಲೆ ತಂದು ಬಾಯಿಯೊಳಗೆ ಹೊಲಿಯುತ್ತಾರೆ. ಅಮೆರಿಕದ ಸ್ಟೀಫನ್ ಆರಿಯನ್ ಅನ್ನುವ ಸರ್ಜನ್ 1979ರಲ್ಲಿ ಇದನ್ನು ಬರೆದು ತಿಳಿಸಿದರು. ಸೂಕ್ಷ್ಮದರ್ಶಕ ಬೇಡ, ಸಮಯವೂ ಕಡಿಮೆ ಸಾಕು. ಹಾಗಾಗಿ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಇದು ಇವತ್ತಿಗೂ ದುಡಿಯುವ ಎತ್ತು.

ಎರಡನೆಯದು ಪೈಪು ಕತ್ತರಿಸಿ ಬೇರೆ ಲೈನಿಗೆ ಜೋಡಿಸುವುದು. ಮುಂಗೈಯ ತೆಳು ಚರ್ಮ, ತೊಡೆಯ ಚರ್ಮ, ಇಲ್ಲವೆ ಮೊಣಕಾಲ ಕೆಳಗಿನ ಸಣ್ಣ ಮೂಳೆಯನ್ನು ನಾಳ ಸಮೇತ ಪೂರ್ತಿ ಬೇರ್ಪಡಿಸಿ, ಕುತ್ತಿಗೆಯ ನಾಳಕ್ಕೆ ಸೂಕ್ಷ್ಮದರ್ಶಕದಲ್ಲಿ ನೋಡಿಕೊಂಡು ಹೊಲಿಯುತ್ತಾರೆ. ನಾಳದ ದಪ್ಪ ಎರಡು ಮೂರು ಮಿಲಿಮೀಟರ್ ಅಷ್ಟೇ. ದಾರ ಕೂದಲಿಗಿಂತ ಸಣ್ಣದು. ಮುಂಗೈಯ ಫ್ಲಾಪನ್ನು ಚೀನಾದ ವೈದ್ಯರು 1981ರಲ್ಲಿ ಪ್ರಕಟಿಸಿದರು. ಕಾಲಿನ ಮೂಳೆಯಿಂದ ದವಡೆ ಕಟ್ಟುವ ಕೆಲಸ 1989ರಿಂದ ಬಂತು. ನಾಲಗೆಗೆ, ಮುಂದವಡೆಗೆ ಇದೇ ಚೆನ್ನ. ಆದರೆ ಎಂಟು ಹತ್ತು ಗಂಟೆ ಹಿಡಿಯುತ್ತದೆ, ನುರಿತ ತಂಡ ಬೇಕು.

ಆಪರೇಷನ್ ಆದ ಮೊದಲ ಮೂರು ದಿನ ನರ್ಸುಗಳು ಗಳಿಗೆಗೊಮ್ಮೆ ಬಂದು ಟಾರ್ಚ್ ಹಾಕಿ ಬಣ್ಣ ನೋಡುತ್ತಾರೆ. ಬಿಳಿಚಿಕೊಂಡರೆ ನೀರು ಬರುತ್ತಿಲ್ಲ ಅಂತ. ನೀಲಿಗಟ್ಟಿದರೆ ಬಂದ ನೀರು ಹೊರಗೆ ಹೋಗುತ್ತಿಲ್ಲ ಅಂತ. ಬಸಿಗಾಲುವೆ ಕಟ್ಟಿಕೊಂಡ ಗದ್ದೆಯಲ್ಲಿ ಬೇರು ಕೊಳೆಯುವುದಿಲ್ಲವೆ, ಹಾಗೆ. ಬೇಗ ಗೊತ್ತಾದರೆ ಮತ್ತೆ ಬಿಚ್ಚಿ ಸರಿ ಮಾಡಬಹುದು.

ಶ್ರೀರಂಗಪಟ್ಟಣದ ಪಕ್ಕದಲ್ಲೇ ಶುರುವಾದ ಕಥೆ

ಈ ವಿದ್ಯೆಯ ಚರಿತ್ರೆಯಲ್ಲಿ ನಮ್ಮ ತಾಲೂಕಿನ ಹೆಸರು ಇದೆ ಅಂತ ಡಾಕ್ಟರು ಹೇಳಿದಾಗ ನಾನು ನಂಬಿರಲಿಲ್ಲ.

ಅದು 1792ರ ಯುದ್ಧ. ಕಾವಸ್‌ಜಿ ಎಂಬೊಬ್ಬ ಮರಾಠಿ ಮನುಷ್ಯ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ. ಬೇಸಾಯಗಾರರ ಜಾತಿಯವನು ಅಂತ ದಾಖಲೆ ಹೇಳುತ್ತದೆ. ಟಿಪ್ಪುವಿನ ಕಡೆಯವರ ಕೈಗೆ ಸೆರೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಆ ಸ್ಥಿತಿಯಲ್ಲೇ ಶ್ರೀರಂಗಪಟ್ಟಣದ ಹತ್ತಿರ ಬೀಡುಬಿಟ್ಟಿದ್ದ ಬೊಂಬಾಯಿ ಸೈನ್ಯವನ್ನು ಸೇರಿಕೊಂಡ. ಯುದ್ಧದಲ್ಲಿ ಯಾರದು ಸರಿ, ಯಾರದು ತಪ್ಪು ಅನ್ನುವ ಚರ್ಚೆ ಇಲ್ಲಿ ಬೇಡ. ಎತ್ತು ಹೊಡೆಯುವವನೊಬ್ಬ ಮುಖ ಕಳೆದುಕೊಂಡ, ಅಷ್ಟು ಸಾಕು.

ಒಂದು ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಇದ್ದ. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವವರ ಜಾತಿಯ ಒಬ್ಬ ವೈದ್ಯ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ಮೇಣದ ಹಾಳೆಯನ್ನು ಮೂಗಿನ ಆಕಾರಕ್ಕೆ ಒತ್ತಿ, ಅದನ್ನು ಬಿಡಿಸಿ ಹಣೆಯ ಮೇಲಿಟ್ಟು ಗೆರೆ ಎಳೆದ. ಆ ಅಳತೆಗೆ ಹಣೆಯ ಚರ್ಮ ಎಬ್ಬಿಸಿದ. ಆದರೆ ಎರಡು ಕಣ್ಣುಗಳ ನಡುವೆ ಒಂದು ಪಟ್ಟಿಯನ್ನು ಕಡಿಯದೆ ಬಿಟ್ಟ. ಅಲ್ಲಿಂದ ರಕ್ತ ಬರುತ್ತಿತ್ತು. ಚರ್ಮವನ್ನು ತಿರುಚಿ ಕೆಳಗೆ ತಂದು ಕೂರಿಸಿ, ಕಾಚನ್ನು ನೀರಿನಲ್ಲಿ ಕಲಸಿ ಬಟ್ಟೆ ಪಟ್ಟಿಗೆ ಹಚ್ಚಿ ಐದಾರು ಪದರ ಸುತ್ತಿದ. ನಾಲ್ಕು ದಿನ ಬಿಟ್ಟು ಅದನ್ನು ತೆಗೆದು ತುಪ್ಪದ ಬಟ್ಟೆ ಹಾಕಿದ. ಸುಮಾರು ಇಪ್ಪತ್ತೈದನೇ ದಿನ, ಹೊಸ ಜಾಗಕ್ಕೆ ಬೇರು ಬಿಟ್ಟ ಮೇಲೆ, ಆ ಪಟ್ಟಿಯನ್ನು ಕಡಿದ.

ಮಾವಿನ ಸಸಿಯನ್ನು ಕುಂಡದ ಸಮೇತ ತಾಯಿಮರದ ಕೊಂಬೆಗೆ ತಾಗಿಸಿ ಕಟ್ಟಿ, ಕೂಡಿಕೊಂಡ ಮೇಲೆ ತಾಯಿಯಿಂದ ಕಡಿಯುತ್ತೇವಲ್ಲ, ಅಕ್ಷರಶಃ ಅದೇ!

ಇಬ್ಬರು ಇಂಗ್ಲಿಷ್ ವೈದ್ಯರು ಇದನ್ನು ಕಣ್ಣಾರೆ ನೋಡಿದರು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಪತ್ರಿಕೆಯಲ್ಲಿ ಚಿತ್ರ ಸಮೇತ ಅಚ್ಚಾಯಿತು. ಅದನ್ನು ತಿಳಿದುಕೊಂಡ ಜೋಸೆಫ್ ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಲಂಡನ್ನಿನಲ್ಲಿ ಅದೇ ಆಪರೇಷನ್ ಮಾಡಿ, 1816ರಲ್ಲಿ ಪುಸ್ತಕ ಬರೆದ. ಸುಶ್ರುತ ಸಂಹಿತೆಯಲ್ಲಂತೂ ಕೆನ್ನೆಯ ಚರ್ಮದಿಂದ ಮೂಗು ಕಿವಿ ಸರಿಪಡಿಸುವ ವಿಧಾನ ಅದಕ್ಕೂ ಎಷ್ಟೋ ಮೊದಲೇ ಇದೆ. 1963ರಲ್ಲಿ ಸ್ಕಾಟ್ಲೆಂಡಿನ ಇಯಾನ್ ಮೆಕ್‌ಗ್ರೆಗರ್ ಅದೇ ಹಣೆಯ ಚರ್ಮವನ್ನು ಬಾಯಿ ಕ್ಯಾನ್ಸರಿನ ಗಾಯ ಮುಚ್ಚಲು ಬಳಸಿದರು.

ನಾನು ಹೇಳುವುದಿಷ್ಟು. ಇದು ಯಾವುದೋ ವಿದೇಶದ ಶೋಕಿ ಅಲ್ಲ. ಎತ್ತು ಹೊಡೆಯುವವನ ಮುಖದ ಮೇಲೆ, ಇಟ್ಟಿಗೆ ಸುಡುವ ಜಾತಿಯವನ ಕೈಯಿಂದ ಆದ ಕೆಲಸ. ಅದೇ ಕಾಚನ್ನು ನಾವು ಎಲೆಗೆ ಹಚ್ಚಿಕೊಂಡು ಬಾಯಿ ಕೆಡಿಸಿಕೊಂಡೆವು, ಅದು ಬೇರೆ ಮಾತು.

ಇದು ಚೆಂದಕ್ಕಲ್ಲ

"ಅರವತ್ತಾಯ್ತು, ಇನ್ಯಾಕಣ್ಣ ಪ್ಲಾಸ್ಟಿಕ್ ಸರ್ಜರಿ? ರೋಗ ತೆಗೆದ್ರೆ ಸಾಕು" ಅಂತ ನನಗೂ ಹೇಳಿದವರಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಮೂರು ಕಾರಣ ಇವೆ.

ಒಂದು, ಮುಚ್ಚುವ ದಾರಿ ಗೊತ್ತಿದ್ದರೆ ಸರ್ಜನ್ ಧೈರ್ಯವಾಗಿ ಸುತ್ತ ಅಂಚು ಬಿಟ್ಟು ಕತ್ತರಿಸುತ್ತಾರೆ. ರೋಗ ಬಿದ್ದ ಗಿಡವನ್ನು ಸುತ್ತಲಿನ ಮಣ್ಣು ಸಮೇತ ತೆಗೆಯುವ ಹಾಗೆ. ಮುಚ್ಚಲಾಗದು ಅಂತ ಅಳುಕಿ ಕತ್ತರಿಸಿದರೆ ಬೇರು ಉಳಿಯುತ್ತದೆ.

ಎರಡು, ಬಹಳ ಜನಕ್ಕೆ ಆಪರೇಷನ್ ಆದ ಮೇಲೆ ಕರೆಂಟು, ಅಂದರೆ ರೇಡಿಯೇಷನ್ ಬೇಕು. ಅದನ್ನು ಆರು ವಾರದೊಳಗೆ ಶುರು ಮಾಡಬೇಕು ಅನ್ನುತ್ತಾರೆ. ಗಾಯ ಮಾಯದಿದ್ದರೆ ಶುರು ಮಾಡುವುದು ಹೇಗೆ? ಫ್ಲಾಪ್ ಕೂಡಿಕೊಂಡಿದ್ದರಿಂದ ನನಗೆ ಐದನೇ ವಾರಕ್ಕೆ ಶುರುವಾಯಿತು.

ಮೂರು, ಉಣ್ಣುವುದು. ಕೆನ್ನೆ ತೂತಾಗಿದ್ದರೆ ಗಂಜಿಯೂ ನಿಲ್ಲುವುದಿಲ್ಲ. ನನಗೆ ಮೂರು ವಾರ ಮೂಗಿನ ಕೊಳವೆಯಲ್ಲಿ ಸೋಸಿದ ರಾಗಿ ಗಂಜಿ, ಹಾಲು. ಆಮೇಲೆ ಬಾಯಿಂದ ಅಂಬಲಿ. ನಾಲ್ಕು ತಿಂಗಳಿಗೆ ಮೆತ್ತನೆ ಮುದ್ದೆ. ಎಡಗಡೆ ಹಲ್ಲೇ ಇಲ್ಲ. ಆದರೆ ಮುದ್ದೆ ನುಂಗುವುದಕ್ಕೆ ಹಲ್ಲು ಯಾರಿಗೆ ಬೇಕು? ಮಂಡ್ಯದವನಾಗಿ ಹುಟ್ಟಿದ್ದು ಆವತ್ತು ಉಪಯೋಗಕ್ಕೆ ಬಂತು.

ಕಷ್ಟಗಳನ್ನೂ ಹೇಳಬೇಕು

ಬರೀ ಒಳ್ಳೆಯದನ್ನೇ ಬರೆದರೆ ಅದು ಗೊಬ್ಬರ ಕಂಪನಿಯ ಜಾಹೀರಾತು ಆಗುತ್ತದೆ. ಒಂಬತ್ತನೇ ದಿನ ನನ್ನ ಹೊಲಿಗೆ ಒಂದು ಕಡೆ ಬಿಟ್ಟು ಎಂಜಲು ಸೋರಿತು. ಎರಡು ವಾರ ಡ್ರೆಸಿಂಗ್ ಮಾಡಿಸಿಕೊಂಡ ಮೇಲೆ ಮುಚ್ಚಿಕೊಂಡಿತು. ಕೆಲವರಿಗೆ ಫ್ಲಾಪಿನ ತುದಿ ಕಪ್ಪಾಗುವುದೂ ಉಂಟು. ಅಪರೂಪಕ್ಕೆ ಪೂರ್ತಿ ಹೋಗಿ ಮತ್ತೆ ಆಪರೇಷನ್ ಆಗುವುದೂ ಉಂಟು.

ಕೊರಳ ಮೇಲೆ ಸ್ನಾಯು ಹಾದುಹೋದ ಕಡೆ ಉಬ್ಬಿತ್ತು, ಬರಬರುತ್ತಾ ಇಳಿಯಿತು. ಎಡ ಭುಜದ ಬಲ ಕಡಿಮೆ. ಕಬ್ಬಿನ ಹೊರೆ ಈಗ ಹೊರಲಾರೆ. ಎಡ ತುಟಿಯ ಮೂಲೆಯಲ್ಲಿ ಜೊಲ್ಲು ಇಳಿಯುವುದು ಗೊತ್ತಾಗುವುದಿಲ್ಲ, ಹೆಗಲ ಮೇಲೆ ಟವಲ್ಲು ಇದ್ದೇ ಇರುತ್ತದೆ. ಕೆಲವು ಅಕ್ಷರ ತೊದಲುತ್ತವೆ.

ಇನ್ನೊಂದು, ಕೇಳಿ ನಗಬೇಡಿ. ಎದೆಯ ಚರ್ಮ ಅಲ್ಲವೆ? ಬಾಯಿಯೊಳಗೆ ಎದೆಕೂದಲು ಬೆಳೆಯತೊಡಗಿತು! ರೇಡಿಯೇಷನ್ ಆದ ಮೇಲೆ ಉದುರಿಹೋಯಿತು. ಮೊದಲೇ ಹೇಳಿದ್ದರೆ ನಾನು ಅಷ್ಟು ಗಾಬರಿಯಾಗುತ್ತಿರಲಿಲ್ಲ.

ಫ್ಲಾಪ್ ಕ್ಯಾನ್ಸರನ್ನು ವಾಸಿ ಮಾಡುವುದಿಲ್ಲ. ಕ್ಯಾನ್ಸರ್ ತೆಗೆದ ಮೇಲೆ ಬದುಕಲು ಬಿಡುತ್ತದೆ, ಅಷ್ಟೆ. ಮತ್ತೆ ಬರಬಹುದು ಅನ್ನುವ ಹೆದರಿಕೆ ಇದ್ದೇ ಇದೆ. ಅದಕ್ಕೇ ತಪಾಸಣೆ ತಪ್ಪಿಸುವುದಿಲ್ಲ.

ನನ್ನ ಅಭಿಪ್ರಾಯ

ಆಸ್ಪತ್ರೆಯವರಿಗೆ ಮೊದಲ ಮಾತು. ಸಹಿ ಹಾಕಿಸಿಕೊಳ್ಳುವ ಮುಂಚೆ "ತೆಗೀತೀವಿ" ಅನ್ನುವುದರ ಜೊತೆಗೇ "ಹೀಗೆ ಮುಚ್ಚುತ್ತೀವಿ" ಅಂತ ಹೇಳಿ. ಒಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರೂ ಸಾಕು. ಆಪರೇಷನ್ ಆಗಿ ಆರು ತಿಂಗಳು ಕಳೆದ ಒಬ್ಬ ರೋಗಿಯ ಜೊತೆ ಹತ್ತು ನಿಮಿಷ ಮಾತಾಡಿಸಿ. ನನ್ನ ಸರ್ಜನ್ ಹಾಗೆ ಒಬ್ಬರನ್ನು ಕರೆಸಿ ಕೂರಿಸಿದ್ದರು. ನಂಜನಗೂಡು ಕಡೆಯ ಭತ್ತದ ರೈತ. ಅವರ ಮುಖ ನೋಡಿದ ಮೇಲೇ ನಾನು ಸಹಿ ಹಾಕಿದ್ದು.

ನಮಗೆ ಎರಡನೇ ಮಾತು. ಕೇಳಲು ನಾಚಿಕೆ ಪಡಬೇಡಿ. ಟ್ರಾಕ್ಟರ್ ಕೊಳ್ಳುವಾಗ ನೂರು ಪ್ರಶ್ನೆ ಕೇಳುತ್ತೇವೆ. ಇಲ್ಲಿ ಐದು ಕೇಳಿ: ಎಷ್ಟು ತೆಗೆಯುತ್ತೀರಿ? ಎಲ್ಲಿಂದ ತಂದು ಮುಚ್ಚುತ್ತೀರಿ? ಅದನ್ನು ಮಾಡುವವರು ಇಲ್ಲೇ ಇದ್ದಾರೆಯೇ? ಬಾಯಿಂದ ಊಟ ಯಾವಾಗ? ಆಮೇಲೆ ಯಾವ ಕೆಲಸ ಮಾಡಬಹುದು? "ಮುಚ್ಚುವವರು ಇಲ್ಲಿಲ್ಲ" ಅಂದರೆ ಬೇರೆ ಕಡೆಗೆ ಚೀಟಿ ಬರೆಸಿಕೊಳ್ಳಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ನಡೆಯುತ್ತಿದೆ, ಮೈಸೂರಿನಲ್ಲೂ ಕ್ಯಾನ್ಸರ್ ಆಸ್ಪತ್ರೆ ಇದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಅವಕಾಶವಿದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಟ್ಟುಕೊಳ್ಳಿ. ಫ್ಲಾಪಿನ ಖರ್ಚೂ ಅದರಲ್ಲಿ ಸೇರಿದೆಯೇ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ.

ಮೂರನೆಯದು ನೋಡಿಕೊಳ್ಳುವುದು. ಬಾಯಿಯಲ್ಲಿ ಹುಣ್ಣು ಎರಡು ಮೂರು ವಾರಕ್ಕೂ ಮಾಯದಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಖಾರ ತಡೆಯದಿದ್ದರೆ, ಮೂರು ಬೆರಳು ನಿಲ್ಲಿಸುವಷ್ಟು ಬಾಯಿ ತೆರೆಯಲಾಗದಿದ್ದರೆ, ಮರುದಿನವೇ ತೋರಿಸಿ. ಚಿಕ್ಕದಿದ್ದಾಗ ಸಿಕ್ಕರೆ ಎದೆಯ ಮಾಂಸವೇ ಬೇಕಾಗದು, ಪಕ್ಕದ ಚರ್ಮ ಎಳೆದು ಹೊಲಿದರೂ ಮುಗಿಯುತ್ತದೆ. ಹಸುವಿನ ಕಾಲುಬಾಯಿ ಜ್ವರಕ್ಕೆ ಬಾಯಿ ತೆರೆಸಿ ನೋಡುವ ನಾವು ನಮ್ಮ ಬಾಯಿಯನ್ನು ಕನ್ನಡಿಯಲ್ಲಿ ನೋಡಿಕೊಳ್ಳುವುದಿಲ್ಲ. ಪ್ರತಿ ಡೈರಿಯಲ್ಲೂ ವರ್ಷಕ್ಕೊಂದು ದಿನ ದಂತವೈದ್ಯರನ್ನು ಕರೆಸಿ ಸದಸ್ಯರ ಬಾಯಿ ಪರೀಕ್ಷೆ ಮಾಡಿಸಲಿ. ನಮ್ಮ ಡೈರಿಯಲ್ಲಿ ಈ ಮಾತು ಎತ್ತಿದ್ದೇನೆ.

ನಾಲ್ಕನೆಯದು ಹೇಳಲು ಕಷ್ಟ. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಈಗ ಪಾನ್ ಮಸಾಲ ಬೇರೆ, ಹೊಗೆಸೊಪ್ಪಿನ ಪೊಟ್ಟಣ ಬೇರೆ ಅಂತ ಅದೇ ಅಂಗಡಿಯಲ್ಲಿ ಸಿಗುತ್ತದೆ. ಹೊಗೆಸೊಪ್ಪು ಮಾತ್ರ ಕೆಟ್ಟದ್ದು, ಅಡಿಕೆ ಸಾಧು ಅಂತ ನಾನೂ ನಂಬಿದ್ದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನೂ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿದೆ. ಬಾಯಿ ಬಿಗಿದುಕೊಳ್ಳುವ ರೋಗಕ್ಕೂ ಅದೇ ಮುಖ್ಯ ಕಾರಣ. ಇನ್ನೂರು ಗಿಡ ನೆಟ್ಟವನು ನಾನೇ ಇದನ್ನು ಬರೆಯುತ್ತಿದ್ದೇನೆ. ಗಿಡ ಕಡಿಯಿರಿ ಅಂತ ಯಾರಿಗೂ ಹೇಳಲಾರೆ, ನಾನೂ ಕಡಿದಿಲ್ಲ. ಆದರೆ ಬೆಳೆದವನು ಸುಳ್ಳು ಹೇಳಬಾರದು. ನನ್ನ ಮಗನಿಗೆ ಅಗಿಯಬೇಡ ಅಂದಿದ್ದೇನೆ.

ಕೊನೆಯದು ಊರಿನವರಿಗೆ. ಆಪರೇಷನ್ ಆದವನನ್ನು ಕಂಡು ಮುಖ ತಿರುಗಿಸಬೇಡಿ, ಅಯ್ಯೋ ಅಂತಲೂ ಅನ್ನಬೇಡಿ. ಇದು ಅಂಟುವ ರೋಗವಲ್ಲ, ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ. ದಿನವೂ ಬಾಯಿ ತೆರೆಯುವ, ಭುಜ ಎತ್ತುವ ವ್ಯಾಯಾಮ ಮಾಡಿದೆಯಾ ಅಂತ ಕೇಳಿ. ಅದನ್ನು ಬಿಟ್ಟರೆ ಕಟ್ಟಿದ ಕಸಿಯೂ ಬಿಗಿದುಕೊಳ್ಳುತ್ತದೆ.

ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ನಮ್ಮೂರ ಬನ್ನಿಮಂಟಪದಿಂದಲೇ ಹೊರಡುವುದು. ಮೊದಲ ವರ್ಷ ನಾನು ಟವಲ್ಲು ಮುಚ್ಚಿಕೊಂಡು ಹಿಂದೆ ನಿಂತಿದ್ದೆ. ಮರುವರ್ಷ ಅಕ್ಕನನ್ನೂ ಕರೆದುಕೊಂಡು ಮುಂದೆ ನಿಂತೆ. ನೋಡುವವರು ನೋಡಲಿ, ಕೇಳುವವರು ಕೇಳಲಿ ಅಂತ. ಆವತ್ತು ಮೂರು ಜನ ಕೇಳಿದರು. ಅದರಲ್ಲಿ ಒಬ್ಬ, ಕೆನ್ನೆಯಲ್ಲಿ ಹುಣ್ಣು ಇಟ್ಟುಕೊಂಡು ಎರಡು ತಿಂಗಳಿಂದ ಸುಮ್ಮನಿದ್ದವನು, ಮುಂದಿನ ವಾರ ನನ್ನ ಜೊತೆ ಆಸ್ಪತ್ರೆಗೆ ಬಂದ.

ನಿಮ್ಮ ಊರಿನಲ್ಲೂ ಅಂಥವನೊಬ್ಬ ಸುಮ್ಮನೆ ಕೂತಿರಬಹುದು. ಅವನಿಗೆ ಈ ಬರಹ ಓದಿ ಹೇಳುತ್ತೀರಾ?